30 ಎಂ.ಎಲ್. ಕುಡಿದು ಗಾಡಿ ಓಡಿಸಿದರೆ ಕೇಸಿಲ್ಲವೇ?

‘30 ಎಂ.ಎಲ್. ತನಕ ಕುಡಿದು ಗಾಡಿ ಓಡಿಸಲು ಕಾನೂನಿನಲ್ಲೇ ಅವಕಾಶವಿದೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂನಲ್ಲಿ 30 ಎಂಬ ಅಂಕಿ ಇದೆ ನಿಜ. ಆದರೆ ಅದು ಗ್ಲಾಸಿನಲ್ಲಿರುವ ಮದ್ಯದ ಅಳತೆಯಲ್ಲ, ರಕ್ತಕ್ಕೆ ಸೇರಿದ ಆಲ್ಕೋಹಾಲ್‌ನ ಅಳತೆ. 100 ಎಂ.ಎಲ್. ರಕ್ತದಲ್ಲಿ ಅದು 30 ಮಿಲಿಗ್ರಾಂ ಮೀರಿದರೆ ಅಪರಾಧ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಈ ಮಿತಿ 80, ಯೂಟಾದಲ್ಲಿ 50. ನಮ್ಮ ಕಾನೂನು ಅವೆರಡಕ್ಕಿಂತ ಬಿಗಿ.

ನೈಂಟಿಯ ಲೆಕ್ಕ

ವಿಸ್ಕಿ, ರಮ್‌ನಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅಂದರೆ 90 ಎಂ.ಎಲ್.ನಲ್ಲಿ ಸುಮಾರು 30 ಗ್ರಾಂ. 60 ಕೆ.ಜಿ. ತೂಕದ ಗಂಡಸು ಇಷ್ಟು ಕುಡಿದರೆ ರಕ್ತದಲ್ಲಿ ಅಂದಾಜು 75 ಮಿಲಿಗ್ರಾಂ ತಲುಪುತ್ತದೆ. ಮಿತಿಯ ಎರಡೂವರೆ ಪಟ್ಟು. ತೂಕ ಕಡಿಮೆಯಿದ್ದವರಿಗೆ 30 ಎಂ.ಎಲ್. ಕೂಡ ಮಿತಿ ದಾಟಿಸಬಹುದು.

ಯಕೃತ್ತು ಇದನ್ನು ಕರಗಿಸುವುದು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಮಾತ್ರ. ರಾತ್ರಿ 10ಕ್ಕೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದವರ ರಕ್ತದಲ್ಲಿ ಬೆಳಗಿನ 5ಕ್ಕೂ ಸುಮಾರು 45 ಮಿಲಿಗ್ರಾಂ ಉಳಿದಿರಬಹುದು. ಸಿರುಗುಪ್ಪದ ಭತ್ತ, ಕುರುಗೋಡಿನ ಮೆಣಸಿನಕಾಯಿ ಹೇರಿಕೊಂಡು ನಸುಕಿನಲ್ಲೇ ಹೊರಡುವ ಚಾಲಕರು ಇದನ್ನು ನೆನಪಿಡಬೇಕು. ‘ನಿದ್ದೆ ಆಗಿದೆ, ನಶೆ ಇಳಿದಿದೆ’ ಅನ್ನಿಸಿದರೂ ಯಂತ್ರ ಬೇರೆಯೇ ಹೇಳಬಹುದು.

ಎಲೆ ಅಡಿಕೆ, ಈರುಳ್ಳಿ, ಪುದೀನ?

ಇವು ಬಾಯಿಯ ವಾಸನೆ ಮರೆಸಬಹುದು, ಅಷ್ಟೆ. ಊದುವ ಯಂತ್ರ ಅಳೆಯುವುದು ರಕ್ತದಿಂದ ಶ್ವಾಸಕೋಶಕ್ಕೆ ಬಂದು ಉಸಿರಿನಲ್ಲಿ ಸೇರಿದ ಆಲ್ಕೋಹಾಲನ್ನು. ಕಾಫಿ ಕುಡಿದರೂ, ತಣ್ಣೀರು ಸುರಿದುಕೊಂಡರೂ ಯಕೃತ್ತಿನ ವೇಗ ಹೆಚ್ಚುವುದಿಲ್ಲ.

ಸಿಕ್ಕಿಬಿದ್ದರೆ ಏನು?

ಮೊದಲ ಸಲ: 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ.

ಮತ್ತೆ ಸಿಕ್ಕರೆ: 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ.

2019ರ ತಿದ್ದುಪಡಿಗೆ ಮುಂಚೆ ಮೊದಲ ಸಲದ ದಂಡ 2,000 ರೂಪಾಯಿ ಮೀರುತ್ತಿರಲಿಲ್ಲ. ಹೆಲ್ಮೆಟ್ ಕೇಸಿನ ಹಾಗೆ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಲು ಇಲ್ಲಿ ಬರುವುದಿಲ್ಲ. ಪ್ರಕರಣ ಕೋರ್ಟಿಗೆ ಹೋಗುತ್ತದೆ. ಡಿ.ಎಲ್. ಕೂಡ ಅಮಾನತಾಗಬಹುದು. ‘ಊದುವುದಿಲ್ಲ’ ಎಂದು ಹಟ ಹಿಡಿದರೆ, ಕುಡಿದಿರುವ ಅನುಮಾನವಿದ್ದಲ್ಲಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಆದರೆ ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲವೇ ಬಿಡಬೇಕು.

‘ಇದು ಕಾರು, ಲಾರಿಗೆ ಮಾತ್ರ’ ಎಂಬುದೂ ಸುಳ್ಳು. ಬೈಕ್, ಆಟೋ, ಟ್ರ್ಯಾಕ್ಟರ್ ಎಲ್ಲಕ್ಕೂ ಅನ್ವಯಿಸುತ್ತದೆ. ಇದು ಕೇಂದ್ರದ ಕಾಯ್ದೆ. ಸಿರುಗುಪ್ಪ ದಾಟಿ ಆಂಧ್ರದ ಆದೋನಿ ಕಡೆ ಹೋದರೂ ಮಿತಿ 30 ಮಿಲಿಗ್ರಾಂ.

ದಂಡಕ್ಕಿಂತ ದೊಡ್ಡ ಹೊಡೆತ ಇನ್ಶೂರೆನ್ಸ್‌ನದು. ಕುಡಿದು ಓಡಿಸಿ ಅಪಘಾತವಾದರೆ ನಿಮ್ಮ ಗಾಡಿಯ ರಿಪೇರಿಗೆ ಕಂಪನಿ ಹಣ ಕೊಡದಿರಬಹುದು. ಸಾಲ ಮಾಡಿ ಗಾಡಿ ತಂದ ಮನೆಗೆ ಕಂತು ಮಾತ್ರ ತಪ್ಪುವುದಿಲ್ಲ.

ಕುಡಿದ ದಿನ ಕೀಲಿ ಬೇರೆಯವರ ಕೈಗೆ ಕೊಡಿ. ‘30 ಎಂ.ಎಲ್.’ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ, ಅದರ ಕೆಳಗೆ ಈ ಲೆಕ್ಕ ಹಾಕಿ.