ಪೇಟೆ ಕಸ, ನಮ್ಮ ಗೋಮಾಳ: ನನ್ನ ಮಾತು ಇಷ್ಟು

ರಾಗಿಗೆ ಕುಂಟೆ ಹೊಡೆಯೋದು ಮುಗೀತು, ಎರಡು ದಿನ ಬಿಡುವು ಸಿಕ್ಕಿದೆ. ಒಂದು ವಾರದಿಂದ ತಲೆಯಲ್ಲಿ ಕೊರೀತಿರೋ ವಿಷಯ ಬರೆದುಬಿಡ್ತೀನಿ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ವಿಷಯ ನಿಮಗೆಲ್ಲ ಗೊತ್ತಿರೋದೇ. ನಗರಸಭೆಯವರು ಕಸದ ಘಟಕಕ್ಕೆ ನಮ್ಮ ಗೋಮಾಳದಲ್ಲಿ ಎಂಟು ಎಕರೆ ಕೇಳಿದ್ದಾರೆ. ಸರ್ವೆಯವರು ಅಳತೆ ಮಾಡ್ಕೊಂಡು ಹೋದ ದಿನ ಸಂಜೆನೇ ಅರಳಿಕಟ್ಟೆ ಹತ್ರ ಜನ ಸೇರಿದ್ರು. ಎಲ್ಲರದ್ದೂ ಒಂದೇ ಮಾತು, "ಒಂದು ಲಾರಿನೂ ಒಳಗೆ ಬಿಡಬಾರದು." ಸಹಿ ಸಂಗ್ರಹಕ್ಕೆ ಹಾಳೆನೂ ಬಂತು. ನಾನು ಮಾತ್ರ ಸಹಿ ಹಾಕದೆ ಎದ್ದು ಬಂದೆ. ಅದಕ್ಕೆ ಕೆಲವರು, ಇವನಿಗೆ ಯಾರೋ ಕೌನ್ಸಿಲರ್ ಕಾಸು ಕೊಟ್ಟವ್ರೆ ಅಂತ ಮಾತಾಡ್ತಿದ್ದಾರಂತೆ. ಆ ಗೋಮಾಳದಿಂದ ಮೂರನೇ ಹೊಲ ನನ್ನದು. ಗಾಳಿ ಬೀಸಿದ್ರೆ ವಾಸನೆ ಮೊದಲು ಬರೋದು ನನ್ನ ಮನೆಗೇ. ಇದನ್ನ ನೆನಪಲ್ಲಿಟ್ಟುಕೊಂಡು ಪೂರ್ತಿ ಓದಿ, ಆಮೇಲೆ ಬೈಯಿರಿ.

ಪೇಟೆ ಕಸದ ಮೇಲೆ ನನಗೇನೂ ಪ್ರೀತಿ ಇಲ್ಲ. ಹತ್ತು ವರ್ಷದ ಹಿಂದೆ ಹಳೇ ಕಸದ ಗುಡ್ಡೆಯಿಂದ ನಾಲ್ಕು ಟ್ರ್ಯಾಕ್ಟರ್ ಲೋಡು "ಕರಿ ಗೊಬ್ಬರ" ಹೊಡೆಸಿದ್ದೆ. ಮನೇಲಿ ಎರಡೇ ಹಸು, ಕೊಟ್ಟಿಗೆ ಗೊಬ್ಬರ ಸಾಕಾಗ್ತಿರಲಿಲ್ಲ. ಆ ವರ್ಷ ರಾಗಿ ಚೆನ್ನಾಗೇ ಬಂತು, ಸುಳ್ಳು ಯಾಕೆ ಹೇಳಲಿ. ಮುಂದಿನ ವರ್ಷ ಉಳೋಕೆ ಹೋದ್ರೆ ಸಾಲು ಸಾಲಿಗೂ ಪ್ಲಾಸ್ಟಿಕ್ ಕವರು, ಹಾಲಿನ ಪ್ಯಾಕೆಟ್ಟು, ಹಳೇ ಬಟ್ಟೆ. ಕುಂಟೆ ನಾಲ್ಕು ಮಾರು ಹೋಗೋದ್ರೊಳಗೆ ಸಿಕ್ಕಿಹಾಕಿಕೊಳ್ಳೋದು. ಕಳೆ ಕೀಳೋಕೆ ಬಂದ ಅಕ್ಕನ ಅಂಗಾಲಿಗೆ ಗಾಜು ಹೊಕ್ಕು ಹೊಲಿಗೆ ಹಾಕಿಸಬೇಕಾಯ್ತು. ಆಸ್ಪತ್ರೆ ಖರ್ಚು ನಾನು ಕೊಟ್ಟೆ, ಆದ್ರೆ ಎರಡು ವಾರ ಹೋದ ಕೂಲಿ ಹೋದಂಗೇ. ಇವತ್ತಿಗೂ ಆ ಹೊಲಕ್ಕೆ ನಾನು ಚಪ್ಪಲಿ ಬಿಟ್ಟು ಇಳಿಯಲ್ಲ. ಅನ್ನ ಕೊಡೋ ಭೂಮಿಗೆ ಚಪ್ಪಲಿ ಹಾಕ್ಕೊಂಡು ಇಳಿಯೋ ಸ್ಥಿತಿ ತಂದ್ಕೊಂಡಿದ್ದು ನಾನೇ.

ಹಾಗಾದ್ರೆ "ಬೇಡ" ಅಂತ ಸಹಿ ಯಾಕೆ ಹಾಕಲಿಲ್ಲ? ಮೂರು ಕಾರಣ ಇದೆ.

ಒಂದನೇದು, ಆ ಕಸದಲ್ಲಿ ಅರ್ಧ ನಮ್ಮದೇ. ಸಂತೆ ಮುಗಿದ ಮೇಲೆ ಮಾರ್ಕೆಟ್ಟಿಗೆ ಹೋಗಿ ನೋಡಿ. ನಾವು ತಗೊಂಡು ಹೋದ ಕೋಸಿನ ಸಿಪ್ಪೆ, ಬಾಳೆದಿಂಡು, ರೇಟು ಸಿಗದೆ ಸುರಿದು ಬಂದ ಟೊಮೆಟೊ, ಅದೇ ರಾಶಿ. ನಮ್ಮ ಪೇಟೆಗಳ ಕಸದಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಹಸಿ ಕಸವೇ ಇರುತ್ತೆ. ಅದು ನಮ್ಮ ಹೊಲದಿಂದ ಹೋದ ಸಾರ. ಹೋದದ್ದು ವಾಪಸ್ ಬರಲಿಲ್ಲ ಅಂದ್ರೆ ನೆಲ ಬಡವಾಗ್ತಾ ಹೋಗುತ್ತೆ. ಹೋದ ವರ್ಷ ನನ್ನ ಮಣ್ಣು ಪರೀಕ್ಷೆ ಚೀಟಿಯಲ್ಲಿ ಸಾವಯವ ಇಂಗಾಲ 0.38 ಅಂತ ಬಂತು. 0.5ಕ್ಕಿಂತ ಕೆಳಗಿದ್ರೆ ಕಡಿಮೆ ಅಂತ ಲೆಕ್ಕ, 0.75 ದಾಟಿದ್ರೆ ಒಳ್ಳೇದು. ನಿಮ್ಮ ಚೀಟಿನೂ ಒಂದು ಸಾರಿ ತೆಗೆದು ನೋಡಿ. ಕೆಂಪು ಮಣ್ಣಿನವರು ಬಹಳ ಜನ ನನ್ನ ಪಕ್ಕದಲ್ಲೇ ನಿಂತಿರ್ತೀರ.

ಎರಡನೇದು, ಬರೀ ಬೇಡ ಅಂದ್ರೆ ಕಸ ಮಾಯ ಆಗಲ್ಲ, ಜಾಗ ಬದಲಾಯಿಸುತ್ತೆ. ಬೆಂಗಳೂರಿನ ಕಥೆ ನೋಡಿ. 2012ರಲ್ಲಿ ಮಾವಳ್ಳಿಪುರದವರ ಹೋರಾಟದಿಂದ ಅಲ್ಲಿ ಕಸ ಸುರಿಯೋದು ನಿಂತಿತು. ನ್ಯಾಯವಾದ ಹೋರಾಟವೇ. ಆದ್ರೆ ಆ ಹೊರೆ ಮಂಡೂರಿನ ಮೇಲೆ ಬಿತ್ತು. ಮಂಡೂರಿನವರು 2014ರಲ್ಲಿ ಬೀದಿಗಿಳಿದು ಹೋರಾಡಬೇಕಾಯ್ತು. ಒಂದು ಊರು ತಪ್ಪಿಸ್ಕೊಂಡ್ರೆ ಇನ್ನೊಂದು ಊರಿನ ಮೂಗಿಗೆ ಬಂತು. ನಮ್ಮಲ್ಲೂ ಅಷ್ಟೇ. ನಾವು ಲಾರಿ ವಾಪಸ್ ಕಳಿಸಿದ್ರೆ ರಾತ್ರಿ ಹನ್ನೆರಡು ಗಂಟೆಗೆ ಪಕ್ಕದ ಊರಿನ ಕೆರೆ ಅಂಗಳಕ್ಕೆ ಸುರಿದು ಬೆಂಕಿ ಹಚ್ಚಿ ಹೋಗ್ತಾರೆ. ಆ ಕೆರೆ ನೀರು ಎಲ್ಲಿಗೆ ಬರುತ್ತೆ ಅಂತ ನಿಮಗೆ ಗೊತ್ತು.

ಮೂರನೇದು ರಾಜಕೀಯ. ಇದೇ ಮುಖ್ಯ.

ಪೇಟೆ ಕೌನ್ಸಿಲರ್‌ಗೆ ಓಟು ಹಾಕೋರು ಪೇಟೆಯವರು. ಕಸ ಬೇರೆ ಮಾಡದ ಮನೆಗೆ ದಂಡ ಹಾಕಿದ್ರೆ ಅವರ ಓಟು ಹೋಗುತ್ತೆ. ನಮ್ಮ ಊರು ನಾತ ಹೊಡೆದ್ರೆ ಅವರಿಗೆ ಒಂದು ಓಟೂ ಹೋಗಲ್ಲ. ಅದಕ್ಕೇ ಎಲ್ಲ ಬೆರೆಸಿ ಲಾರಿಗೆ ತುಂಬಿ ಊರಾಚೆ ಸುರಿಯೋದು ಅವರಿಗೆ ಸುಲಭ. ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಮೂರು ಬೇರೆ ಮಾಡಬೇಕು ಅಂತ 2016ರ ನಿಯಮದಲ್ಲೇ ಬಂತು. ಅದಕ್ಕೂ ಮುಂಚೆ, 1996ರಲ್ಲಿ ಅಲ್ಮಿತ್ರಾ ಪಟೇಲ್ ಅನ್ನೋ ಹೆಣ್ಣುಮಗಳು ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2000ನೇ ಇಸವಿಯಲ್ಲೇ ಒಂದು ನಿಯಮ ಆಗಿತ್ತು. ನಿಯಮಕ್ಕೆ ಕೊರತೆ ಇಲ್ಲ. ಜಾರಿ ಮಾಡಿ ಅಂತ ಕುತ್ತಿಗೆ ಮೇಲೆ ಕೂತು ಕೇಳೋರಿಗೆ ಕೊರತೆ.

ಓಟಿಲ್ಲದ ನಮ್ಮ ಕೈಯಲ್ಲಿ ಇರೋದು ಒಂದೇ, ಆ ಗೋಮಾಳದ ಗೇಟು. ನಾವು ಪೂರ್ತಿ ಬೇಡ ಅಂದ್ವಿ ಅಂತಿಟ್ಕೊಳ್ಳಿ. ಗೋಮಾಳ ಕಂದಾಯ ಇಲಾಖೆದು, ಮೇಲಿನವರು ಆದೇಶ ಮಾಡಿ ಪೊಲೀಸ್ ಕಾವಲಲ್ಲಿ ಕೆಲಸ ಶುರು ಮಾಡಿಸಬಹುದು. ಆಗ ಗೇಟೂ ನಮ್ಮದಲ್ಲ, ಷರತ್ತೂ ನಮ್ಮದಲ್ಲ. ಈಗ ಅವರು ನಮ್ಮನ್ನ ಕೇಳ್ತಿದ್ದಾರೆ. ಕೇಳೋ ಹೊತ್ತಲ್ಲೇ ಕೂತು ಮಾತಾಡಬೇಕು.

ಇದಕ್ಕೆ ಒಬ್ಬರು ಆಲಪ್ಪುಳದ ಉದಾಹರಣೆ ಕೊಟ್ರು. ಒಳ್ಳೇ ಉದಾಹರಣೆ. ಕೇರಳದ ಆ ಪೇಟೆ ಕಸ ಸರ್ವೋದಯಪುರಂ ಅನ್ನೋ ಹಳ್ಳಿಗೆ ಹೋಗಿ ಬೀಳ್ತಿತ್ತು. 2012ರಲ್ಲಿ ಹಳ್ಳಿಯವರು ಲಾರಿ ತಡೆದ್ರು. ಪೇಟೆ ಬೀದಿಯೆಲ್ಲ ನಾರೋಕೆ ಶುರುವಾಯ್ತು. ಆಗ ಅಲ್ಲಿನ ಶಾಸಕ ಥಾಮಸ್ ಐಸಾಕ್, ನಗರಸಭೆಯವರು, ಜನ ಎಲ್ಲ ಸೇರಿ ಮನೆಮನೆಗೆ ಹೋಗಿ ಹಸಿ ಕಸ ಅಲ್ಲಲ್ಲೇ ಕರಗಿಸೋ ಏರ್ಪಾಡು ಮಾಡಿದ್ರು. ಕೆಲವು ಮನೆಗೆ ಸಹಾಯಧನದಲ್ಲಿ ಗೋಬರ್ ಗ್ಯಾಸಿನ ಥರದ ಸಣ್ಣ ಘಟಕ, ಬೀದಿಗಳಲ್ಲಿ ಗಾಳಿ ಆಡೋ ಗೊಬ್ಬರದ ತೊಟ್ಟಿ. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಕಸ ನಿರ್ವಹಣೆಯಲ್ಲಿ ಮಾದರಿ ಅಂತ ಹೆಸರಿಸಿದ ಐದು ನಗರಗಳಲ್ಲಿ ಆಲಪ್ಪುಳನೂ ಒಂದು. ಅಂದ್ರೆ ಲಾರಿ ತಡೆದದ್ದು ಕೆಲಸ ಮಾಡಿತು, ಒಪ್ಪಿದೆ. ಆದ್ರೆ ಅಲ್ಲಿ ತಡೆದ ಮೇಲೆ ಜವಾಬ್ದಾರಿ ಹೊತ್ತು ಬೀದಿಗಿಳಿಯೋರಿದ್ರು.

ನಮ್ಮ ರಾಜ್ಯದಲ್ಲಿ ಏನಾಯ್ತು ನೆನಪು ಮಾಡ್ಕೊಳ್ಳಿ. 2018ರ ಆಗಸ್ಟ್‌ನಲ್ಲಿ ನೂರಕ್ಕೂ ಹೆಚ್ಚು ಪೇಟೆಗಳಿಗೆ ಚುನಾವಣೆ ಆಯ್ತು. ಅಧ್ಯಕ್ಷ, ಉಪಾಧ್ಯಕ್ಷ ಮೀಸಲಾತಿ ಪಟ್ಟಿ ಕೋರ್ಟು ಮೆಟ್ಟಿಲು ಹತ್ತಿ, ಗೆದ್ದವರು ಸುಮಾರು ಎರಡು ವರ್ಷ ಅಧಿಕಾರ ಇಲ್ಲದೆ ಕೂತಿದ್ರು. ಆಡಳಿತಾಧಿಕಾರಿಗಳದ್ದೇ ರಾಜ್ಯಭಾರ. ಅಧ್ಯಕ್ಷಗಿರಿ ಇರೋದೇ 30 ತಿಂಗಳು. ಕಮಿಷನರ್ ಯಾವತ್ತು ವರ್ಗ ಆಗ್ತಾರೋ ಅವರಿಗೇ ಗೊತ್ತಿರಲ್ಲ. ಇಂಥದ್ರಲ್ಲಿ ಬಾಯಿಮಾತಿನ ಭರವಸೆ ನೀರಿನ ಮೇಲೆ ಬರೆದಂಗೆ. ಹಾಗಾಗಿ ಮಾತು ಬೇಡ, ಕಾಗದ ಬೇಕು. ನಗರಸಭೆ ಸಾಮಾನ್ಯ ಸಭೆಯ ನಡಾವಳಿಯಲ್ಲಿ ಬರಬೇಕು, ನಮ್ಮ ಪಂಚಾಯ್ತಿ ಜೊತೆ ಕರಾರು ಆಗಬೇಕು. ಯಾರು ಅಧ್ಯಕ್ಷರಾದ್ರೂ ಆ ಕಾಗದ ನಿಲ್ಲಬೇಕು.

ಆ ಕಾಗದದಲ್ಲಿ ಏನಿರಬೇಕು ಅನ್ನೋದು ನನ್ನ ಲೆಕ್ಕದಲ್ಲಿ ಹೀಗಿದೆ. ಕೂಡಿಸೋದು ಕಳೆಯೋದು ನೀವು ಮಾಡಿ.

1. ಗೇಟೊಳಗೆ ಹಸಿ ಕಸ ಮಾತ್ರ. ಮೊದಲ ಆರು ತಿಂಗಳು ಮಾರ್ಕೆಟ್ಟು, ಹೋಟೆಲು, ಕಲ್ಯಾಣ ಮಂಟಪದ ಕಸ ಅಷ್ಟೇ. ಆಮೇಲೆ ಯಾವ ವಾರ್ಡು ಸರಿಯಾಗಿ ಬೇರೆ ಮಾಡಿ ಕೊಡುತ್ತೋ ಆ ವಾರ್ಡಿನದು. ಬೆರಕೆ ಲಾರಿ ಬಂದ್ರೆ ಗೇಟಿಂದಲೇ ವಾಪಸ್. ಗೇಟಿನ ಬೀಗದ ಕೈ ಊರಿನ ಸಮಿತಿ ಹತ್ರ.

2. ಜಾಗ. ಆ ಎಂಟು ಎಕರೆಯ ಕೆಳಮೂಲೆ ಕೆರೆಗೆ ನೀರು ಹೋಗೋ ಕಾಲುವೆಗೆ ಅಂಟಿಕೊಂಡಿದೆ. ಕಸ ಹೂಳೋ ಜಾಗ ಕೆರೆಕುಂಟೆ, ಮನೆ, ಕುಡಿಯೋ ನೀರಿನ ಬಾವಿಗಳಿಂದ 200 ಮೀಟರ್ ದೂರ ಇರಬೇಕು ಅಂತ 2016ರ ನಿಯಮ ಹೇಳಿತ್ತು. ಇಲ್ಲಿ ಹೂಳೋದೇ ಬೇಡ, ಗೊಬ್ಬರ ಮಾತ್ರ. ಆದ್ರೂ ಅದೇ ಅಳತೆ ಹಿಡಿದು ಕೆಳಮೂಲೆ ಬಿಟ್ಟು ಮೇಲಿನ ಜಾಗ ಮಾತ್ರ ಕೊಡೋಣ. ಸಿಮೆಂಟ್ ನೆಲ, ಮೇಲೆ ಶೀಟು, ಕಸದ ನೀರು ಹಿಡಿಯೋ ತೊಟ್ಟಿ ಆದ ಮೇಲೆ ಮೊದಲ ಲೋಡು.

3. ನೀರು. ಸುತ್ತಲಿನ ಐದು ಬೋರ್‌ವೆಲ್ ನೀರು ಕೆಲಸ ಶುರು ಆಗೋಕೆ ಮುಂಚೆ ಒಂದು ಸಾರಿ, ಆಮೇಲೆ ವರ್ಷಕ್ಕೆ ಎರಡು ಸಾರಿ ಪರೀಕ್ಷೆ. ಫಲಿತಾಂಶ ಪಂಚಾಯ್ತಿ ಬೋರ್ಡಿಗೆ ಅಂಟಿಸಬೇಕು. ಮೊದಲಿನ ಪರೀಕ್ಷೆ ಇಲ್ಲದಿದ್ರೆ ನಾಳೆ ನೀರು ಕೆಟ್ಟಾಗ, ನಿಮ್ಮ ನೀರು ಮೊದಲೇ ಹಂಗೇ ಇತ್ತು ಅಂತಾರೆ.

4. ಗೊಬ್ಬರ. ಪರೀಕ್ಷೆ ಆಗದ ಗೊಬ್ಬರ ಯಾರ ಹೊಲಕ್ಕೂ ಹೋಗಬಾರದು. ಪೇಟೆ ಗೊಬ್ಬರಕ್ಕೆ ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಿತಿ ಇದೆ. ಒಂದು ಕೆಜಿಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ಪಾದರಸ 0.15 ದಾಟಬಾರದು. ಪಾಸಾದ ಗೊಬ್ಬರದಲ್ಲಿ ಮೊದಲ ಹಕ್ಕು ನಮ್ಮ ಊರಿನವರದು.

ನಾಲ್ಕನೇದರ ಬಗ್ಗೆ ಒಂದು ಮಾತು. ಗುಡ್ಡೆಗೆ ಗಾಳಿ ಆಡಿದ್ರೆ ಅದು ಬಿಸಿಯಾಗುತ್ತೆ. ಒಳಗೆ 55ರಿಂದ 65 ಡಿಗ್ರಿ ಕಾವು ನಿಂತ್ರೆ ಕಳೆ ಬೀಜ, ರೋಗಾಣು ಬಹುಪಾಲು ಸಾಯುತ್ತವೆ. ವಾರಕ್ಕೊಮ್ಮೆ ಮಗುಚಬೇಕು, ಹಿಂಡಿದ್ರೆ ಒಂದೆರಡು ಹನಿ ಬರೋಷ್ಟು ತೇವ ಇರಬೇಕು. ಗಾಳಿ ಇಲ್ಲದೆ ಸುಮ್ಮನೆ ಸುರಿದ್ರೆ ಅದೇ ಕಸ ಕೊಳೆತು ನಾರುತ್ತೆ, ಗ್ಯಾಸು ಕಟ್ಟಿ ಬೆಂಕಿ ಹತ್ತುತ್ತೆ, ಕರಿನೀರು ಇಳಿಯುತ್ತೆ. ಆದ್ರೆ ಬ್ಯಾಟರಿ ಸೆಲ್ಲು, ಟ್ಯೂಬ್‌ಲೈಟು, ಪೇಂಟಿನಲ್ಲಿರೋ ವಿಷ ಯಾವ ಕಾವಿಗೂ ಸಾಯಲ್ಲ. ಅದನ್ನ ಯಾವ ಜರಡಿನೂ ಹಿಡಿಯಲ್ಲ. ಅದು ಮನೆ ಬಾಗಿಲಲ್ಲೇ ಬೇರೆ ಆಗಬೇಕು. ಎಷ್ಟು ಕೋಟಿ ಮಿಷನ್ ತಂದ್ರೂ ಕೆಲಸ ಶುರುವಾಗೋದು ಅಡುಗೆಮನೆಯ ಎರಡು ಬಕೆಟ್ಟಿಂದ.

ಇನ್ನು ನಮ್ಮ ಕಡೆಯ ಮಾತು. ನಮ್ಮ ಊರಲ್ಲಿ ಕವರು ಎಲ್ಲಿ ಎಸೀತೀವಿ? ಕೆರೆ ಕೋಡಿ ಹತ್ರ. ಡ್ರಿಪ್ ಪೈಪು, ಮಲ್ಚಿಂಗ್ ಶೀಟು, ಖಾಲಿ ಔಷಧಿ ಬಾಟ್ಲಿ ಎಲ್ಲ ಬದುವಿನ ಮೇಲೆ. ಪೇಟೆಯವರಿಗೆ ಬೇರೆ ಮಾಡಿ ಕೊಡಿ ಅಂತ ಕೇಳೋ ನಾವು ಮೊದಲು ಇದನ್ನ ಸರಿ ಮಾಡ್ಕೋಬೇಕು. ಇಲ್ಲದಿದ್ರೆ ಮಾತುಕತೆಗೆ ಕೂತಾಗ ಮೊದಲ ಫೋಟೋ ಅವರೇ ತೋರಿಸ್ತಾರೆ.

ಈ ಷರತ್ತಿಗೆ ಅವರು ಒಪ್ಪಲಿಲ್ಲ ಅಂದ್ರೆ? ಆಗ ಲಾರಿ ತಡೆಯೋ ಸಾಲಲ್ಲಿ ಮೊದಲು ಮಲಗೋನು ನಾನೇ. ಒಪ್ಪಿ ಆಮೇಲೆ ಮಾತು ಮುರಿದ್ರೂ ಅಷ್ಟೇ, ಬೀಗದ ಕೈ ನಮ್ಮ ಹತ್ರ ಇರುತ್ತೆ. ಒಪ್ಪಿ ಸರಿಯಾಗಿ ನಡೆಸಿದ್ರೆ ಪಾಸಾದ ಮೊದಲ ಲೋಡು ಗೊಬ್ಬರ ನನ್ನ ಆ ಗಾಜಿನ ಹೊಲಕ್ಕೇ ಹಾಕಿಸ್ತೀನಿ. ಬಂದು ನೋಡಿ, ಕೈ ಹಾಕಿ ನೋಡಿ, ಆಮೇಲೆ ನಿಮ್ಮ ಹೊಲದ ಮಾತು.

ಬುಧವಾರ ಹನ್ನೊಂದು ಗಂಟೆಗೆ ಗ್ರಾಮಸಭೆ ಇದೆ. ದಯವಿಟ್ಟು ಬನ್ನಿ. ಹೆಣ್ಣುಮಕ್ಕಳೂ ಬರಲಿ, ನೀರು ಹೊರೋರು ಅವರು, ಕಳೆ ಕೀಳೋರೂ ಅವರೇ. ಅಂಗಾಲು ಕುಯ್ಯಿಸಿಕೊಂಡ ಆ ಅಕ್ಕನಿಗೆ ಹೇಳಿದ್ದೀನಿ, ಬರ್ತೀನಿ ಅಂದಿದ್ದಾರೆ. ಮೊದಲು ಅವರು ಮಾತಾಡಲಿ. ನಾನು ಆಮೇಲೆ ಮಾತಾಡ್ತೀನಿ.