ಫಲಕದ ಶೃಂಗಾರವೂ ಬೀರುವಿನ ಬೀಗವೂ

ನಮ್ಮ ಅನೇಕ ಶಾಲೆಗಳ ಪುಸ್ತಕಭಂಡಾರದಲ್ಲಿ ಗೋಡೆಗೊಂದು ಫಲಕವಿರುವುದನ್ನು ವಾಚಕರು ಬಲ್ಲರು. ಸುತ್ತಲೂ ಜರಿಕಾಗದದ ಅಂಚು. ನಡುವೆ ಥರ್ಮೊಕೋಲಿನ ಅಕ್ಷರಗಳಲ್ಲಿ ಪುಸ್ತಕಮಹಿಮೆ. ಅಂಗಡಿಯಿಂದ ಕೊಂಡುತಂದ ಕವಿಗಳ ಚಿತ್ರಪಟ. ಜೂನ್ ತಿಂಗಳಲ್ಲಿ ಅಂಟಿಸಿದುದು ಪರೀಕ್ಷಾಕಾಲದವರೆಗೂ ಧೂಳು ಹಿಡಿಯುತ್ತಿರುವುದು. ಅದರ ಪಕ್ಕದ ಬೀರುವಿಗೆ ಮಾತ್ರ ಬೀಗ!

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕವಿರುವುದು ಉಪಯೋಗಕ್ಕೆ ಎಂಬುದು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗನು ದೊರೆಯಬೇಕೆಂಬುದು. ಈ ಮೂರನೆಯದಕ್ಕೆ ದೂತನಾಗಬೇಕಾದ ಫಲಕವು ತನಿಖಾಧಿಕಾರಿಗಳ ಸ್ವಾಗತಕ್ಕೆ ಕಟ್ಟಿದ ತೋರಣವಾಗಿದೆಯೆಂಬುದೇ ನನ್ನ ಆಕ್ಷೇಪ.

ಶೃಂಗಾರವೇ ಬೇಡವೆನ್ನುವ ಒಣವೇದಾಂತಿ ನಾನಲ್ಲ. ಆದರೆ ಮಗುವನ್ನು ಪುಸ್ತಕದೆಡೆಗೆ ಎಳೆಯುವುದು ಕುತೂಹಲವೇ ಹೊರತು ಜರಿಯಲ್ಲ. ಗೀಜಗನ ಗೂಡಿಗೆ ಬಾಗಿಲು ಕೆಳಗಡೆ ಏಕೆ? ಎಂದು ದಪ್ಪಕ್ಷರದಲ್ಲಿ ಬರೆದು, ದೊಡ್ಡವರ ಕಣ್ಣಿಗಲ್ಲ, ಮಗುವಿನ ಕಣ್ಣಿನ ಎತ್ತರಕ್ಕೆ ತೂಗಹಾಕಿರಿ. ಉತ್ತರವನ್ನು ಬರೆಯಬೇಡಿರಿ, ಅದಿರುವ ಪುಸ್ತಕದ ಹೆಸರನ್ನೂ ಪುಟವನ್ನೂ ಕಾಣಿಸಿ, ಪುಸ್ತಕವನ್ನು ಅಲ್ಲಿಯೇ ಮೇಜಿನ ಮೇಲಿಡಿರಿ. ಮುಂದಿನ ವಾರ ಬೇರೊಂದು ಪ್ರಶ್ನೆ. ಓದಿದ ಹುಡುಗಿಯೊಬ್ಬಳು ತನಗನಿಸಿದುದನ್ನು ಎರಡು ಸಾಲು ಬರೆದುಕೊಟ್ಟರೆ ಅದನ್ನೂ ಅಂಟಿಸಿರಿ. ಕಾಗುಣಿತ ತಪ್ಪಿದ್ದರೂ ಇರಲಿ. (ಜೀವಮಾನವೆಲ್ಲ ಕೆಂಪುಮಸಿ ಹಿಡಿದವನು ಇದನ್ನು ಹೇಳುತ್ತಿರುವೆನೆಂದು ಗಮನಿಸಬೇಕು.)

ಇಷ್ಟಾದರೂ ಬೀಗ ತೆರೆಯದಿದ್ದರೆ ಎಲ್ಲವೂ ವ್ಯರ್ಥ. ಪುಸ್ತಕ ಕಳೆದರೆ ತಾನು ಬೆಲೆ ತೆರಬೇಕಾದೀತೆಂಬ ಉಪಾಧ್ಯಾಯನ ಭೀತಿಯೇ ಆ ಬೀಗಕ್ಕೆ ಮೂಲ. ಅವನನ್ನು ಹಳಿದು ಫಲವಿಲ್ಲ. ಮಕ್ಕಳು ಓದಿ ಹರಿದ ಪುಸ್ತಕದ ಬೆಲೆಯನ್ನು ಅವನ ಸಂಬಳಕ್ಕೆ ಹೊರಿಸಕೂಡದೆಂದು ಪೋಷಕರಾದ ನೀವೇ ಶಾಲಾಸಮಿತಿಯ ಮುಂದಿನ ಸಭೆಯಲ್ಲಿ ಎದ್ದುನಿಂತು ಕೇಳಬೇಕು.