ಹಿತ್ತಿಲ ಬೇಲಿ



ಮನೆವಾರ್ತೆಗೆಂದು ಮೀಸಲಾದ ಈ ಪುಟದಲ್ಲಿ ಬೇಲಿಯ ಪ್ರಸ್ತಾಪವೇಕೆ, ಅದು ಗಂಡಸರ ವ್ಯವಹಾರವಲ್ಲವೆ, ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಬೇಲಿಯ ಕಂಡಿಯಿಂದ ಕರು ನುಗ್ಗಿ ಬಸಳೆಯ ಚಪ್ಪರವನ್ನು ಮೇಯ್ದುದನ್ನು ಮೊದಲು ಕಾಣತಕ್ಕವಳು ಗೃಹಿಣಿ. ಅದರ ದೆಸೆಯಿಂದ ನೆರೆಮನೆಯೊಡನೆ ಮಾತು ನಿಂತುಹೋದರೆ ಆ ಕಹಿಯನ್ನು ಹಗಲೆಲ್ಲ ಉಣ್ಣತಕ್ಕವಳೂ ಅವಳೇ. ಗಂಡಸರಾದರೂ ಹೊರಗೆ ಹೋಗಿ ಮರೆತಾರು.

ಎರಡು ಮನೆಗಳ ನಡುವಣ ಬೇಲಿಯನ್ನು ಯಾರು ಕಟ್ಟಬೇಕು? ಬಲಗಡೆಯದು ಇವರದು, ಎಡಗಡೆಯದು ಅವರದು ಎಂಬ ಕಟ್ಟಳೆಯೇನೂ ನಮ್ಮ ಕಾಯಿದೆಯಲ್ಲಿಲ್ಲ. ಇಂಗ್ಲೆಂಡಿನಲ್ಲಿ ಎಡಗಡೆಯ ಬೇಲಿ ತಮ್ಮದೆಂದು ಎಷ್ಟೋ ಜನ ನಂಬಿದ್ದಾರೆ. ಅಲ್ಲಿಯೂ ಅದು ಬರಿಯ ನಂಬಿಕೆಯೇ. ನಮ್ಮ ಕ್ರಯಪತ್ರಗಳಲ್ಲಿ ಚೆಕ್ಕುಬಂದಿ ಎಂಬುದು ಉಂಟಷ್ಟೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ ಎಂದು ಅದು ಹೇಳುತ್ತದೆ. ನಡುವಣ ಬೇಲಿಯನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ತನ್ನ ನೆಲದಲ್ಲಿ ತಾನು ಕಟ್ಟಿದ ಬೇಲಿ ತನ್ನದು. ಗಡಿಯ ಮೇಲೆ ಇಬ್ಬರೂ ಕೂಡಿ ಕಟ್ಟಿದುದು ಇಬ್ಬರದು. ಮಿಕ್ಕುದೆಲ್ಲ ನೆರೆಯವರ ಪರಸ್ಪರ ಒಡಂಬಡಿಕೆಗೆ ಸೇರಿದ್ದು.

ನಮ್ಮ ಮನೆಗೂ ಮೂಡಣ ಮನೆಗೂ ನಡುವೆ ಇದ್ದುದು ಲಕ್ಕಿಯ ಗೂಟದ ಬೇಲಿ, ಎಡೆಯೆಡೆಯಲ್ಲಿ ಕಳ್ಳಿ. ಪ್ರತಿವರ್ಷ ಮುಂಗಾರಿಗೆ ಮುಂಚೆ ಅದನ್ನು ಹೊಸದು ಮಾಡಬೇಕು. ನಮ್ಮ ಅತ್ತೆಯವರೂ ಆ ಮನೆಯ ಹಿರಿಯಾಕೆಯೂ ಒಂದು ವರ್ಷ ಅವರು, ಒಂದು ವರ್ಷ ನಾವು ಎಂದು ಸರದಿ ಗೊತ್ತುಮಾಡಿಕೊಂಡಿದ್ದರು. ಕಾಗದವಿಲ್ಲ, ಸಾಕ್ಷಿಯಿಲ್ಲ. ಅತ್ತೆಯವರು 2006ರಲ್ಲಿ ತೀರಿಕೊಂಡರು. ಆ ಹಿರಿಯಾಕೆಯೂ ಮರುವರ್ಷವೇ ಹೋದರು. ಆಮೇಲೆ ನಮ್ಮ ಸರದಿ ಬಂದಾಗ ನಾವು ಉದಾಸೀನರಾದೆವು. ಆಳು ಸಿಕ್ಕಲಿಲ್ಲವೆಂಬ ನೆವ. ಆ ಮನೆಯ ಮಗ ತಾನೇ ಕಟ್ಟಿಸಿದ. ಮರುವರ್ಷವೂ ಅವನೇ. ಖರ್ಚು ಉಳಿಯಿತೆಂದು ನಾವು ಸಂತೋಷಪಟ್ಟೆವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಒಂದು ದಿನ ಒಗ್ಗರಣೆಗೆ ಕರಿಬೇವು ಕೀಳಲು ಹಿತ್ತಿಲಿಗೆ ಹೋದರೆ ಅತ್ತೆಯವರು ನೆಟ್ಟ ಗಿಡ ಬೇಲಿಯ ಆಚೆಗಿತ್ತು. ಗಿಡ ನಡೆದಿರಲಿಲ್ಲ, ಬೇಲಿ ನಡೆದಿತ್ತು.

ಇದು ಹೇಗಾಯಿತೆಂಬುದನ್ನು ಬೇಲಿ ಕಟ್ಟುವ ಮುದುಕನೊಬ್ಬ ನನಗೆ ತಿಳಿಸಿದ. ಹಳೆಯ ಗೂಟದ ಬುಡದಲ್ಲಿ ಬೇರು, ಕಲ್ಲು ತುಂಬಿ ಹಾರೆ ಇಳಿಯದು. ಆದುದರಿಂದ ಆಳು ಮಗ್ಗುಲಿನ ಮೆತ್ತನೆಯ ಮಣ್ಣಿನಲ್ಲಿ ಕುಳಿ ತೋಡುತ್ತಾನೆ. ಯಾರ ಕೂಲಿ ಉಣ್ಣುವನೋ ಅವರ ನೆಲವನ್ನು ಉಳಿಸಿ ಆಚೆಯ ಬದಿಗೆ ತೋಡುವುದು ಅವನಿಗೆ ಸಹಜ. ಸಲಕ್ಕೆ ಮೂರು ನಾಲ್ಕು ಬೆರಳು, ಅಷ್ಟೆ. ಯಾರಲ್ಲಿಯೂ ಕಪಟವಿಲ್ಲ. ಹಿರಿಯರಿಬ್ಬರ ಕಾಲದಲ್ಲಿ ಬೇಲಿ ಒಂದು ವರ್ಷ ಇತ್ತ ಬಂದರೆ ಇನ್ನೊಂದು ವರ್ಷ ಅತ್ತ ಹೋಗಿ ಅಲ್ಲಲ್ಲಿಯೇ ನಿಲ್ಲುತ್ತಿತ್ತು. ಆ ಸರದಿ ಖರ್ಚಿನ ಹಂಚಿಕೆ ಮಾತ್ರವೆಂದು ನಾನು ಎಣಿಸಿದ್ದೆ. ಗಡಿಯನ್ನು ಹಿಡಿದಿಟ್ಟಿದ್ದುದೂ ಅದೇ ಎಂದು ಆಗ ತಿಳಿಯಿತು.

ನಮ್ಮ ಯಜಮಾನರು ಕೋಪದಿಂದ ಕುಣಿದರು. ಆ ಮನೆಯ ಸೊಸೆಗೂ ನನಗೂ ಬಾವಿಕಟ್ಟೆಯಲ್ಲಿ ಮಾತು ನಿಂತಿತು. ನಾಗಪಂಚಮಿಯ ತಂಬಿಟ್ಟು ಆ ವರ್ಷ ಬೇಲಿ ದಾಟಲಿಲ್ಲ. ಭಯಕ್ಕೂ ಕಾರಣವಿತ್ತು. 1963ರ ಕಾಲಪರಿಮಿತಿ ಕಾಯಿದೆಯ ಪ್ರಕಾರ, ಒಬ್ಬನ ನೆಲವನ್ನು ಇನ್ನೊಬ್ಬನು ತನ್ನದೆಂದು ಬಹಿರಂಗವಾಗಿ 12 ವರ್ಷ ಎಡೆಬಿಡದೆ ಅನುಭವಿಸಿ, ಒಡೆಯನು ಅಷ್ಟು ಕಾಲ ದಾವೆ ಹೂಡದೆ ಸುಮ್ಮನಿದ್ದರೆ ಅವನ ಹಕ್ಕೇ ನಂದಿಹೋಗಬಹುದು. ಬೇಲಿ ಸರಿದ ಮಾತ್ರಕ್ಕೆ ನೆಲ ಅವರದಾಗದು, ನಿಜ. ಆದರೆ ವಾದ ಹೂಡಲು ಅದೊಂದು ಹಿಡಿ ಸಿಕ್ಕಂತೆ.

ಪುಣ್ಯಕ್ಕೆ ನಾವು ನ್ಯಾಯಸ್ಥಾನಕ್ಕೆ ಹೋಗಲಿಲ್ಲ. ನಮ್ಮ ಹಿತ್ತಿಲು ಸರ್ವೆ ನಂಬರಿನೊಳಗೆ ಸೇರಿದುದರಿಂದ, 2016ರಲ್ಲಿ ತಾಲ್ಲೂಕಿನ ಭೂಮಾಪನ ಕಚೇರಿಗೆ ಹದ್ದುಬಸ್ತಿಗಾಗಿ ಅರ್ಜಿ ಕೊಟ್ಟೆವು. ಇದನ್ನು ಎಲ್ಲ ಗೃಹಿಣಿಯರೂ ತಿಳಿದಿರತಕ್ಕದ್ದು: ಶುಲ್ಕ ಕಟ್ಟಿದರೆ ಅಕ್ಕಪಕ್ಕದವರಿಗೆ ತಿಳುವಳಿಕೆ ಕೊಟ್ಟು, ಮೋಜಣಿದಾರರು ಬಂದು ದಾಖಲೆಯಂತೆ ಅಳೆದು ಗಡಿ ತೋರಿಸುತ್ತಾರೆ. ಗಡಿಯ ಕಲ್ಲುಗಳನ್ನು ಕಾಪಾಡುವ ಹೊಣೆಯನ್ನು 1964ರ ಭೂಕಂದಾಯ ಕಾಯಿದೆಯು ಹಿಡುವಳಿದಾರರ ಮೇಲೆಯೇ ಹೊರಿಸಿದೆ. ನಮ್ಮ ಕಲ್ಲಾದರೋ ಕಳ್ಳಿಯ ಬುಡದಲ್ಲಿ ಹೂತುಹೋಗಿತ್ತು. ಅದನ್ನು ಕಂಡವರೇ ಇರಲಿಲ್ಲ.

ಅಳತೆಯಲ್ಲಿ ಎರಡೂವರೆ ಅಡಿ ಹೊರಬಿತ್ತು. ಆ ಹುಡುಗ ಕಲ್ಲನ್ನೇ ನೋಡುತ್ತ ನಿಂತು, "ಅಕ್ಕಾ, ಹತ್ತು ವರ್ಷ ಕೂಲಿ ಕೊಟ್ಟವನು ನಾನು. ಒಂದು ದಿನವಾದರೂ ನೀವು ಬಂದು ನಿಂತು ನೋಡಿದ್ದರೆ ಹೀಗಾಗುತ್ತಿತ್ತೆ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷದ ಕೂಲಿಯನ್ನೆಲ್ಲ ನಾವೇ ಕೊಟ್ಟು ಬೇಲಿಯನ್ನು ಕಲ್ಲಿನ ನೇರಕ್ಕೆ ತಂದೆವು.

ಈ ಸಲ ಸರದಿಯನ್ನು ಕಾಗದದ ಮೇಲೆ ಬರೆದು ಇಬ್ಬರೂ ರುಜು ಹಾಕಿದ್ದೇವೆ. ನಾಳೆ ಯಾರಾದರೂ ಮನೆ ಮಾರಿದರೆ, ಕೊಂಡವರು ಈ ಮಾತಿಗೆ ತಾವಾಗಿಯೇ ಬದ್ಧರಾಗುವುದಿಲ್ಲ. ಅವರೊಡನೆ ಹೊಸದಾಗಿ ಮಾತಾಡಬೇಕು. ಗೂಟ ನೆಡುವ ದಿನ ಎರಡು ಮನೆಯಿಂದಲೂ ಒಬ್ಬೊಬ್ಬರು ಇರತಕ್ಕದ್ದೆಂದೂ, ಕಲ್ಲಿನಿಂದ ಕಲ್ಲಿಗೆ ಹಗ್ಗ ಹಿಡಿಯತಕ್ಕದ್ದೆಂದೂ ಅದರಲ್ಲಿ ಬರೆಸಿದವಳು ನಾನು. ಹಗ್ಗದ ಆ ತುದಿಯನ್ನು ಮೂಡಣ ಮನೆಯ ಸೊಸೆ ಹಿಡಿಯುತ್ತಾಳೆ. ಕರಿಬೇವು ಈಗ ನಮ್ಮ ಕಡೆಗೇ ಇದೆ. ಅವಳಿಗೆ ಬೇಕಾದಾಗ ಬೇಲಿಯ ಮೇಲಿಂದ ಕೈಚಾಚಿ ಕಿತ್ತುಕೊಳ್ಳುತ್ತಾಳೆ, ಕೇಳುವುದೂ ಇಲ್ಲ.